ಒಂದು ಕೋಣೆಯಷ್ಟೇ ಅಗಲದ ಮನೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಎರಡು ವರ್ಷದಿಂದ ಐರ್ಲೆಂಡಿನ ಗಾಲ್ವೇ ಕೌಂಟಿಯ ಹಳ್ಳಿಯೊಂದರಲ್ಲಿ, ಹಳೆಯ ಕಲ್ಲಿನ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಮನೆ ರೈಲು ಡಬ್ಬಿಯ ಹಾಗೆ ಉದ್ದ. ಒಂದು ಕೋಣೆಯನ್ನು ಹಾಯದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಗೋಡೆ ಎರಡಡಿ ದಪ್ಪ, ಕಿಟಕಿಗಳು ಮಾತ್ರ ಪುಟ್ಟವು. ಹೊರಗೆಲ್ಲ ಸಿಮೆಂಟ್ ಗಿಲಾವು, ಮೇಲೆ ಸ್ಲೇಟು ಕಲ್ಲಿನ ಹೊದಿಕೆ. ಆದರೂ ಒಳಗೆ ಗೋಡೆಯ ಕೆಳಗಿನ ಮೂರಡಿ ವರ್ಷವಿಡೀ ಒದ್ದೆ. ನೆರೆಮನೆಯ ಅಜ್ಜ ‘ಒಲೆ ಆರಿಸಿದಿರಿ, ಅದಕ್ಕೇ’ ಎನ್ನುತ್ತಾರೆ. ಮಾಲೀಕರು ಮನೆ ಮಾರುವ ಯೋಚನೆಯಲ್ಲಿದ್ದಾರೆ, ನಮಗೂ ಕೊಳ್ಳುವ ಆಸೆಯಿದೆ. ಇಂಥ ಮನೆಗಳನ್ನು ಹೇಗೆ ಕಟ್ಟುತ್ತಿದ್ದರು? ಯಾಕೆ ಹೀಗೆ? ಈ ತೇವಕ್ಕೆ ಏನು ಮಾಡಬೇಕು?

ಉತ್ತರ: ನಿಮ್ಮ ನೆರೆಮನೆಯ ಅಜ್ಜ ಹೇಳಿದ್ದು ಅರ್ಧ ಸರಿ. ಆ ಅರ್ಧವನ್ನು ಹೇಳಲು ಅವರಿಗೆ ಒಂದು ಮಾತು ಸಾಕಾಯಿತು. ಉಳಿದರ್ಧಕ್ಕೆ ನಾನು ಇಷ್ಟುದ್ದ ಬರೆಯಬೇಕಾಗಿದೆ. ತೇವದ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಮನೆಯನ್ನು ಯಾವ ಲೆಕ್ಕದಲ್ಲಿ ಕಟ್ಟಿದ್ದಾರೆ ಎಂದು ತಿಳಿಯದೆ ತೇವಕ್ಕೆ ಮದ್ದು ಹಚ್ಚಹೋದವರು ರೋಗವನ್ನು ಹೆಚ್ಚಿಸಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಈ ಮನೆಗಳಿಗೆ ನಕ್ಷೆ ಬರೆದವರು ಯಾರೂ ಇಲ್ಲ. ಮನೆಯ ಯಜಮಾನ, ಅಕ್ಕಪಕ್ಕದವರು, ಕಲ್ಲುಕೆಲಸವನ್ನೋ ಹುಲ್ಲು ಹೊದಿಸುವುದನ್ನೋ ಚೆನ್ನಾಗಿ ಬಲ್ಲ ಒಬ್ಬಿಬ್ಬರು ಸೇರಿ ಕಟ್ಟಿದ ಮನೆಗಳು ಇವು. ಹೀಗೆ ಒಬ್ಬರ ಕೆಲಸಕ್ಕೆ ಸರದಿಯ ಮೇಲೆ ಊರವರೆಲ್ಲ ಕೂಡುವುದಕ್ಕೆ ಐರಿಷ್ ಭಾಷೆಯಲ್ಲಿ ‘ಮೆಹಲ್’ ಎಂಬ ಹೆಸರಿದೆ. ನಮ್ಮಲ್ಲಿ ಮುಯ್ಯಾಳು ಎನ್ನುತ್ತೇವಲ್ಲ, ಅದೇ. ಸಾಮಗ್ರಿ ಏನೇ ಇರಲಿ, ಹೆಗಲ ಮೇಲೆ ಅಥವಾ ಕತ್ತೆಯ ಬೆನ್ನ ಮೇಲೆ ಹೊತ್ತು ತರುವಷ್ಟು ದೂರದಲ್ಲಿ ಸಿಗಬೇಕು. ಹೊಲದಲ್ಲಿ ಕಲ್ಲು ಧಾರಾಳವಾಗಿತ್ತು, ಮಣ್ಣಿತ್ತು, ಹುಲ್ಲಿತ್ತು, ಜೌಗಿನಲ್ಲಿ ಉರುವಲಿತ್ತು. ಇಲ್ಲದ್ದು ಮರ. ನಿಮ್ಮ ಮನೆಯ ಆಕಾರ ನಿಮಗೆ ವಿಚಿತ್ರವಾಗಿ ಕಾಣುವುದಕ್ಕೆ ಮೂಲ ಕಾರಣ ಈ ಒಂದು ಕೊರತೆ.

ಮಲೆನಾಡಿನವರಿಗೆ ಇದನ್ನು ಊಹಿಸುವುದು ಕಷ್ಟ. 20ನೇ ಶತಮಾನದ ಆರಂಭದ ಹೊತ್ತಿಗೆ ಐರ್ಲೆಂಡಿನ ನೆಲದಲ್ಲಿ ನೂರಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಪಾಲು ಮಾತ್ರ ಕಾಡು ಉಳಿದಿತ್ತು. ಒಳ್ಳೆಯ ಮರ ಇದ್ದದ್ದು ಜಮೀನುದಾರರ ತೋಪುಗಳಲ್ಲಿ. ಗೇಣಿದಾರ ಅದರ ಮೇಲೆ ಕೊಡಲಿ ಇಡುವಂತಿರಲಿಲ್ಲ. ಕಡಲ ತೀರದವರು ಅಲೆಗಳು ತಂದು ಎಸೆದ ದಿಮ್ಮಿಗಳಿಗೆ ಕಾಯುತ್ತಿದ್ದರು. ಒಳನಾಡಿನವರು ಜೌಗನ್ನು ಅಗೆಯುತ್ತಿದ್ದರು. ಸಾವಿರಾರು ವರ್ಷಗಳ ಹಿಂದೆ ನಿಂತಿದ್ದ ಓಕ್ ಮತ್ತು ಪೈನ್ ಮರಗಳು ಗಾಳಿಯಾಡದ ಆ ಕಪ್ಪು ಕೆಸರಿನೊಳಗೆ ಕೊಳೆಯದೆ ಉಳಿದಿರುತ್ತವೆ. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಜೌಗಿನಲ್ಲಿ ಚುಚ್ಚುತ್ತ ಹೋಗಿ, ಗಟ್ಟಿಯಾದದ್ದು ತಾಗಿದಲ್ಲಿ ಅಗೆಯಬೇಕು. ಬೆಳಗಿನ ಇಬ್ಬನಿ ಎಲ್ಲಿ ಬೇಗ ಆರುತ್ತದೋ ಅಲ್ಲಿ ಅಡಿಯಲ್ಲಿ ಮರವಿದೆ ಎಂದು ಗುರುತು ಹಿಡಿಯುವವರೂ ಇದ್ದರು. ಹೀಗೆ ತೆಗೆದ ಪೈನ್ ಮರದ ನಾರನ್ನು ಸೀಳಿ ಹೊಸೆದು ಹಗ್ಗವನ್ನೂ ಮಾಡುತ್ತಿದ್ದರು.

ಇಂಥ ಮರದಲ್ಲಿ ಉದ್ದನೆಯ ನೇರ ತುಂಡು ಸಿಗುವುದು ಅಪರೂಪ. ಎದುರುಬದುರಾಗಿ ಎರಡು ಓರೆ ಮರಗಳನ್ನು ಗೋಡೆಗಳ ಮೇಲೆ ನಿಲ್ಲಿಸಿ, ನೆತ್ತಿಯಲ್ಲಿ ಕೂಡಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿದರೆ ಒಂದು ಜೋಡಿಯಾಯಿತು. ಇಂಥ ನಾಲ್ಕೈದು ಜೋಡಿಗಳು ಮಾಡನ್ನು, ಎಂದರೆ ಮನೆಯ ಚಾವಣಿಯನ್ನು, ಹೊರುತ್ತವೆ. ಈ ಓರೆ ಮರ ಎಷ್ಟುದ್ದ ಸಿಗುತ್ತದೋ ಅದರ ಮೇಲೆ ಮನೆಯ ಅಗಲ ನಿಂತಿದೆ. ಆದ್ದರಿಂದ ಒಳಗಿನ ಅಗಲ ಸಾಮಾನ್ಯವಾಗಿ ಹದಿನೈದು ಅಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಕ್ಕಳು ಹೆಚ್ಚಾದರೆ, ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ, ಮನೆ ಉದ್ದಕ್ಕೆ ಬೆಳೆಯುತ್ತದೆ. ತುದಿಗೋಡೆಗೆ ಇನ್ನೊಂದು ಕೋಣೆ ಅಂಟಿಸಿ ಮಾಡನ್ನು ಮುಂದುವರಿಸಿದರೆ ಆಯಿತು. ಪಕ್ಕದಲ್ಲಿ ಓಣಿ ಬಿಡಲು ಅಗಲವೇ ಇಲ್ಲದ್ದರಿಂದ ಒಂದು ಕೋಣೆಯನ್ನು ಹಾದೇ ಇನ್ನೊಂದಕ್ಕೆ ಹೋಗಬೇಕು. ಉದ್ದಕ್ಕೆ ಬೆಳೆಸುವುದರಲ್ಲೂ ಒಂದು ಕಟ್ಟಳೆಯಿತ್ತು: ಪಶ್ಚಿಮದ ಕಡೆಗೆ ಮನೆ ಬೆಳೆಸಿದರೆ ಕೇಡು ಎಂಬ ನಂಬಿಕೆ ಹಲವು ಕಡೆ ಬಲವಾಗಿತ್ತು. ವಾಸ್ತು ಕೇಳದೆ ಗುದ್ದಲಿ ಹಿಡಿಯದ ನಾಡಿನಿಂದ ಬಂದ ನಾವು ಇದಕ್ಕೆ ನಗಬಾರದು.

ನಿವೇಶನದ ಆಯ್ಕೆಯಲ್ಲೂ ಇಂಥದ್ದೇ ಎಚ್ಚರ ಇತ್ತು. ಕಣ್ಣಿಗೆ ಕಾಣದ ಯಕ್ಷಿಣಿಯರು ಓಡಾಡುವ ದಾರಿಯ ಮೇಲೆ ಮನೆ ಕಟ್ಟಬಾರದು. ನಾಲ್ಕು ಮೂಲೆಗೆ ನಾಲ್ಕು ಕಲ್ಲನ್ನೋ ಗೂಟವನ್ನೋ ಇಟ್ಟು ರಾತ್ರಿ ಬಿಟ್ಟು ನೋಡುವುದು. ಬೆಳಿಗ್ಗೆ ಅವು ಕದಲಿದ್ದರೆ ಬೇರೆ ಜಾಗ. ನಂಬಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಹಳೆಯ ಮನೆಗಳ ಜಾಗ ಬಹುತೇಕ ಚೆನ್ನಾಗಿಯೇ ಇರುತ್ತದೆ. ಬೆನ್ನಿಗೆ ದಿಬ್ಬ ಇಲ್ಲವೇ ಮರಗಳ ಆಸರೆ, ಮುಖ ದಕ್ಷಿಣಕ್ಕೋ ಪೂರ್ವಕ್ಕೋ, ನೀರು ಹರಿದುಹೋಗುವ ಇಳಿಜಾರು. ಕಿಟಕಿಯಿಂದ ಕಡಲು ಕಾಣಲಿ ಎಂದು ಬೋಳುಗುಡ್ಡದ ನೆತ್ತಿಯಲ್ಲಿ ಮನೆ ಕಟ್ಟುವ ಚಟ ಈಚಿನದು.

ಇನ್ನು ಬಾಗಿಲು ಮತ್ತು ಒಲೆ. ಮನೆಯ ನಡುಮಧ್ಯದ ದೊಡ್ಡ ಕೋಣೆ ಅಡುಗೆಮನೆ. ಅಡುಗೆ, ಊಟ, ನೂಲುವುದು, ನೆಂಟರು, ಶವದ ಪಕ್ಕ ರಾತ್ರಿ ಕಾಯುವುದು, ಕುಣಿತ ಎಲ್ಲವೂ ಅಲ್ಲೇ. ಮೇಜು, ಬೆಂಚು, ಪಾತ್ರೆಯ ಕಪಾಟು ಎಲ್ಲ ಗೋಡೆಗೆ ಒತ್ತಿಕೊಂಡಿರುತ್ತವೆ, ನಡುವಿನ ನೆಲ ಖಾಲಿ. ಒಲೆ ಮತ್ತು ಬಾಗಿಲಿನ ಸಂಬಂಧವನ್ನು ನೋಡಿ ವಿದ್ವಾಂಸರು ಈ ಮನೆಗಳನ್ನು ಎರಡು ದೊಡ್ಡ ಬಗೆಯಾಗಿ ವಿಂಗಡಿಸುತ್ತಾರೆ. 1930ರ ದಶಕದಲ್ಲಿ ಸ್ವೀಡನ್ನಿನಿಂದ ಬಂದ ಓಕೆ ಕ್ಯಾಂಪ್‌ಬೆಲ್, ಆಮೇಲೆ ಐರ್ಲೆಂಡಿನವರೇ ಆದ ಕೆವಿನ್ ಡ್ಯಾನಹರ್, ವೇಲ್ಸ್ ಮೂಲದವರಾಗಿ ಬೆಲ್‌ಫಾಸ್ಟ್‌ನಲ್ಲಿ ನೆಲೆಸಿದ್ದ ಎಸ್ಟಿನ್ ಇವಾನ್ಸ್ ಮುಂತಾದವರು ಊರೂರು ಅಲೆದು ಅಳತೆ ತೆಗೆದದ್ದರಿಂದ ಇದು ಇಷ್ಟು ಸ್ಪಷ್ಟವಾಗಿ ಗೊತ್ತಿದೆ. ಪೂರ್ವ ಮತ್ತು ಆಗ್ನೇಯ ಭಾಗದಲ್ಲಿ ಬಾಗಿಲು ತೆರೆದರೆ ಎದುರಿಗೆ ಒಂದು ಅಡ್ಡಗೋಡೆ. ಅದರ ಹಿಂದೆ ಒಲೆ. ಅಡ್ಡಗೋಡೆಯಲ್ಲಿ ಒಂದು ಚಿಕ್ಕ ಕಿಂಡಿ. ಒಲೆಯ ಪಕ್ಕ ಕೂತವರು ಅದರಿಂದ ಇಣುಕಿ ಬಂದವರು ಯಾರು ಎಂದು ನೋಡಬಹುದು. ಪಶ್ಚಿಮ ಮತ್ತು ಉತ್ತರದಲ್ಲಿ, ಎಂದರೆ ನಿಮ್ಮ ಕಡೆ, ಬಾಗಿಲು ಒಲೆಯಿಂದ ದೂರದ ತುದಿಯಲ್ಲಿರುತ್ತದೆ ಮತ್ತು ನೇರವಾಗಿ ಅಡುಗೆಮನೆಗೇ ತೆರೆಯುತ್ತದೆ. ಅದಕ್ಕೆ ಎದುರಾಗಿ ಹಿಂಗೋಡೆಯಲ್ಲಿ ಇನ್ನೊಂದು ಬಾಗಿಲು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆಯುತ್ತಿದ್ದರು. ಹೊಗೆ ಎಳೆಯುವುದಕ್ಕೂ ಧಾನ್ಯ ತೂರುವುದಕ್ಕೂ ಇದು ಅನುಕೂಲ.

ಎದುರುಬದುರು ಬಾಗಿಲಿಗೆ ಇನ್ನೊಂದು ಕಾರಣವೂ ಇದೆ. ಮೇಯೋ, ಡೊನಿಗಾಲ್ ಮುಂತಾದ ಕಡೆ ಹಸುಗಳೂ ಇದೇ ಮಾಡಿನಡಿ ಇರುತ್ತಿದ್ದವು. ಒಲೆ ಮೇಲ್ತುದಿಯಲ್ಲಿ, ದನಗಳು ಕೆಳತುದಿಯಲ್ಲಿ, ನಡುವೆ ಗಂಜಲ ಹರಿಯಲು ಒಂದು ಕಾಲುವೆ. ನೆಲ ಕೆಳತುದಿಗೆ ಇಳಿಜಾರು. ಹಾಲು ಕರೆಯುವ ಹೊತ್ತಿಗೆ ಹಸು ಒಂದು ಬಾಗಿಲಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗಬಹುದು. ಇಂಗ್ಲಿಷ್ ಪ್ರವಾಸಿಗಳು ಇದನ್ನು ಕಂಡು ಮೂಗು ಮುಚ್ಚಿಕೊಂಡು ಬರೆದಿದ್ದಾರೆ. ಕೊಟ್ಟಿಗೆಯ ಗೋಡೆಗೇ ತಾಗಿದ ಕೋಣೆಯಲ್ಲಿ ಮಲಗಿ ಬೆಳೆದವರಿಗೆ ದನದ ಮೈಯ ಬಿಸಿ ಎಂದರೇನು ಎಂಬುದು ಗೊತ್ತಿರುತ್ತದೆ.

ನಿಮ್ಮ ಮನೆಯ ಅಡುಗೆಕೋಣೆಯ ಹಿಂಗೋಡೆಯಲ್ಲಿ, ಒಲೆಗೆ ಹತ್ತಿರ, ಮೂರು ನಾಲ್ಕು ಅಡಿ ಆಳದ ಒಂದು ಗೂಡು ಹೊರಕ್ಕೆ ಚಾಚಿಕೊಂಡಿದೆಯೇ ನೋಡಿ. ಈಗ ಅಲ್ಲಿ ಫ್ರಿಜ್ ಇಟ್ಟಿರಬಹುದು. ಅದು ಹಾಸಿಗೆಯ ಜಾಗ, ‘ಕಲ್ಯಾಖ್’ ಎನ್ನುತ್ತಾರೆ. ಆ ಪದಕ್ಕೆ ಮುದುಕಿ ಎಂಬ ಅರ್ಥವೂ ಇದೆ. ಮನೆಯ ಹಿರಿಯರು ಒಲೆಯ ಬಿಸಿ ಕಾಯುತ್ತ, ಪರದೆಯ ಹಿಂದಿನಿಂದ ಎಲ್ಲರ ಮಾತನ್ನೂ ಕೇಳುತ್ತ ಮಲಗುವ ಜಾಗ. ವಾಯವ್ಯ ಭಾಗದ ಮನೆಗಳ ಗುರುತು ಇದು. ಇನ್ನು ಕೆಲವೆಡೆ ಮಗನಿಗೆ ಮದುವೆಯಾಗಿ ಯಜಮಾನಿಕೆ ಅವನ ಕೈಗೆ ಹೋದಾಗ ತಂದೆ ತಾಯಿ ಒಲೆಯ ಹಿಂದಿನ ಕೋಣೆಗೆ ಸರಿಯುತ್ತಿದ್ದರು. ಆ ಕೋಣೆಗೆ ‘ಪಶ್ಚಿಮದ ಕೋಣೆ’ ಎಂದೇ ಹೆಸರು.

ಈಗ ಗೋಡೆ. ಐರ್ಲೆಂಡಿನ ಹಳ್ಳಿಮನೆ ಎಂದರೆ ಕಲ್ಲುಗೋಡೆ ಎಂದು ಎಲ್ಲರೂ ತಿಳಿದಿದ್ದಾರೆ. ಚಿತ್ರದ ಅಂಚೆಕಾರ್ಡುಗಳು ಮಾಡಿದ ಕೆಲಸ ಇದು. ಪೂರ್ವದಲ್ಲಿ, ಮುಖ್ಯವಾಗಿ ವೆಕ್ಸ್‌ಫರ್ಡ್ ಸುತ್ತ, ಇವತ್ತಿಗೂ ಜನ ವಾಸವಾಗಿರುವ ಮಣ್ಣಿನ ಮನೆಗಳಿವೆ. ಜೇಡಿಗೆ ನೀರು ಹಾಕಿ, ಕತ್ತರಿಸಿದ ಹುಲ್ಲು ಬೆರೆಸಿ, ತುಳಿದು ಹದ ಮಾಡಿ ಕೆಲವು ದಿನ ಬಿಡುವುದು. ಕೆಳಗೆ ಒಂದೆರಡು ಅಡಿ ಕಲ್ಲಿನ ಪಾಯ. ಅದರ ಮೇಲೆ ಕವಲುಗೋಲಿನಿಂದ ಮಣ್ಣನ್ನು ಎತ್ತಿ ಹಾಕಿ ಒಂದು ವರಸೆ ಏರಿಸುವುದು, ಒಣಗಲು ಬಿಡುವುದು, ಮತ್ತೆ ಇನ್ನೊಂದು ವರಸೆ. ಅಚ್ಚಿಲ್ಲ, ಹಲಗೆಯಿಲ್ಲ, ಕೊನೆಗೆ ಹರಿತವಾದ ಸಲಿಕೆಯಿಂದ ಎರಡೂ ಮುಖಗಳನ್ನು ಹೆರೆದು ನೇರ ಮಾಡುವುದು. ನಿಮ್ಮ ಊರಿನ ಮಣ್ಣುಗೋಡೆಯವರು ಇದನ್ನು ನೋಡಿದರೆ ಹೊಸದಾಗಿ ಕಲಿಯುವುದೇನೂ ಇರುವುದಿಲ್ಲ.

ಪಶ್ಚಿಮದಲ್ಲಿ ಕಲ್ಲು: ಕಾನೆಮಾರಾದಲ್ಲಿ ಗ್ರಾನೈಟ್, ಆರನ್ ದ್ವೀಪಗಳಲ್ಲಿ ಸುಣ್ಣಕಲ್ಲು. ಹೊಲವನ್ನು ಹಸನು ಮಾಡುವಾಗ ಎದ್ದ ಕಲ್ಲುಗಳೇ ಮನೆಯ ಗೋಡೆ. ಹೊರಗೊಂದು, ಒಳಗೊಂದು ಸಾಲು ಕಲ್ಲು. ನಡುವೆ ಚೂರುಕಲ್ಲು ಮತ್ತು ಜೇಡಿ. ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದು ಕಟ್ಟುವ ಉದ್ದನೆಯ ಅಡ್ಡಗಲ್ಲು. ಸುಣ್ಣದ ಗಾರೆ ದುಬಾರಿಯಾದ್ದರಿಂದ ಬಡವರ ಗೋಡೆಯಲ್ಲಿ ಬೆಸುಗೆ ಬರಿಯ ಮಣ್ಣಿನದು. ಅಡಿಪಾಯ ಆಳಕ್ಕೆ ಹೋಗುವುದಿಲ್ಲ. ಒಳಗೂ ಹೊರಗೂ ಸುಣ್ಣ. ಸುಣ್ಣ ಬಳಿಯುವುದು ವರ್ಷಾವರ್ಷದ ಕೆಲಸ. ಸರದಿಯ ಮೇಲೆ ಮನೆಮನೆಯಲ್ಲಿ ನಡೆಯುವ ‘ಸ್ಟೇಷನ್’ ಪೂಜೆಗೆ ಪಾದ್ರಿ ಬರುತ್ತಾರೆ ಎಂದರೆ ಇಡೀ ಮನೆ ಬೆಳ್ಳಗಾಗಲೇಬೇಕು. ಎಲ್ಲವೂ ಬಿಳಿಯೇ ಆಗಿರಲಿಲ್ಲ, ಸುಣ್ಣಕ್ಕೆ ಬಣ್ಣದ ಮಣ್ಣು ಬೆರೆಸಿ ಹಳದಿ, ತಿಳಿಗೆಂಪು ಮಾಡುವುದೂ ಇತ್ತು. ಕಿಟಕಿ ಚಿಕ್ಕದಿರುವುದಕ್ಕೆ ಗೂಢವೇನಿಲ್ಲ: ಗಾಜಿಗೆ ದುಡ್ಡು ಬೇಕು, ದೊಡ್ಡ ಕಂಡಿಯ ಮೇಲಿನ ಕಲ್ಲುಗಳನ್ನು ಹೊರಲು ಮರ ಬೇಕು. ಬೆಳಕು ಬೇಕಾದಾಗ ಅರ್ಧಬಾಗಿಲಿನ ಮೇಲಿನ ಅರ್ಧವನ್ನು ತೆರೆದರೆ ಸಾಕು. ಕೆಳಗಿನ ಅರ್ಧ ಕೋಳಿ ಹಂದಿಗಳನ್ನು ಹೊರಗೆ, ಕೂಸುಗಳನ್ನು ಒಳಗೆ ಇಡುತ್ತದೆ. ಊರಿನ ಸುದ್ದಿ ಮಾತಾಡುವವರಿಗೆ ಮೊಣಕೈ ಊರಲು ಜಾಗವೂ ಆಯಿತು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ನೀವು ಇರುವುದು ಬಡವರ ಮನೆಯಲ್ಲಿ ಅಲ್ಲ. ಬಡವರ ಮನೆಗಳು ಉಳಿದಿಲ್ಲ. 1841ರ ಜನಗಣತಿ ಮನೆಗಳನ್ನು ನಾಲ್ಕು ದರ್ಜೆಗಳಾಗಿ ಎಣಿಸಿತು. ಕೊನೆಯ ದರ್ಜೆ ಎಂದರೆ ಒಂದೇ ಕೋಣೆಯ ಮಣ್ಣಿನ ಗುಡಿಸಲು. ಅಂಥವು ಸುಮಾರು 4,91,000 ಇದ್ದವು, ಎಂದರೆ ದೇಶದ ಮನೆಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು. ಹತ್ತು ವರ್ಷದ ನಂತರ, 1851ರಲ್ಲಿ, ಉಳಿದದ್ದು ಸುಮಾರು 1,35,000. ನಡುವೆ ಆಲೂಗೆಡ್ಡೆಗೆ ರೋಗ ಬಿದ್ದು ಬಂದ ಮಹಾಕ್ಷಾಮ. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು, ಗೇಣಿ ಕೊಡಲಾಗದವರ ಮನೆಗಳ ಮಾಡನ್ನು ಜಮೀನುದಾರರ ಆಳುಗಳು ಕೆಡವಿದರು. ಮಾಡು ಹೋದ ಮಣ್ಣುಗೋಡೆ ಕೆಲವು ಮಳೆಗಾಲದಲ್ಲಿ ಮತ್ತೆ ಹೊಲವೇ ಆಗುತ್ತದೆ. ಆ ಗುಡಿಸಲುಗಳನ್ನು ಕಂಡ ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಪ್ರವಾಸಿ 18ನೇ ಶತಮಾನದಲ್ಲೇ ಬರೆದಿದ್ದ: ಕಿಟಕಿಯ ಬದಲು ಬಾಗಿಲೇ ಬೆಳಕು ತರುತ್ತದೆ, ಹೊಗೆಗೂ ಅದೇ ದಾರಿ. ಈಗ ನಾವು ‘ಐರಿಷ್ ಹಳ್ಳಿಮನೆ’ ಎಂದು ಮೆಚ್ಚುವುದೆಲ್ಲ ಸ್ವಲ್ಪ ಅನುಕೂಲವಿದ್ದ ರೈತರದು.

ಮಾಡಿನ ವಿಚಾರ ಬಂದರೆ ನನಗೆ ನಿಲ್ಲಿಸುವುದು ತಿಳಿಯುವುದಿಲ್ಲ, ಸಹಿಸಿಕೊಳ್ಳಿ. ನಿಮ್ಮ ಸ್ಲೇಟು ಆಮೇಲೆ ಬಂದದ್ದು, ಮೊದಲು ಹುಲ್ಲಿತ್ತು. ಓರೆ ಮರಗಳ ಮೇಲೆ ಅಡ್ಡತೊಲೆ, ಅದರ ಮೇಲೆ ಸಣ್ಣ ಕೋಲುಗಳು. ಅದರ ಮೇಲೆ ನೇರವಾಗಿ ಹುಲ್ಲು ಬರುವುದಿಲ್ಲ. ಮೊದಲು ಬೇರುಸಹಿತ ಹುಲ್ಲುನೆಲದ ತೆಳುವಾದ ಪಟ್ಟಿಯನ್ನು, ‘ಸ್ಕ್ರಾ’ ಎನ್ನುತ್ತಾರೆ, ಉದ್ದಕ್ಕೆ ಕೊಯ್ದು, ಚಾಪೆಯಂತೆ ಕೋಲಿಗೆ ಸುತ್ತಿಕೊಂಡು ಮೇಲೇರಿ, ನೆತ್ತಿಯಿಂದ ಸೂರಿನವರೆಗೆ ಬಿಚ್ಚುತ್ತ ಹಾಸಬೇಕು. ಅದನ್ನು ಹಗ್ಗದಿಂದ ಮರಗಳಿಗೆ ಹೊಲಿಯುತ್ತಾರೆ. ಇದು ಚಳಿಗೆ ಕಂಬಳಿ, ಹುಲ್ಲಿಗೆ ಹಿಡಿತ. ಆಮೇಲೆ ಹುಲ್ಲು: ಓಟ್ಸ್, ಗೋಧಿ ಅಥವಾ ರೈ ಧಾನ್ಯದ ಹುಲ್ಲು, ಜೌಗಿನ ಆಪು, ಕಡಲ ಮರಳಿನ ಹುಲ್ಲು, ಉತ್ತರದಲ್ಲಿ ಅಗಸೆನಾರಿನ ದಂಟು, ಏನೂ ಇಲ್ಲದವರಿಗೆ ಆಲೂಗೆಡ್ಡೆಯ ಒಣಬಳ್ಳಿ. ಬಿಗಿಯುವ ರೀತಿಯೂ ಊರಿಗೊಂದು. ದೇಶದ ಬಹುಭಾಗದಲ್ಲಿ ಹೇಜಲ್ ಅಥವಾ ವಿಲ್ಲೋ ಗಿಡದ ಎಳೆಗೋಲನ್ನು ತಿರುಚಿ, ತಲೆಗೂದಲಿನ ಪಿನ್ನಿನಂತೆ ಬಗ್ಗಿಸಿ ಹುಲ್ಲಿನೊಳಗೆ ಚುಚ್ಚುತ್ತಾರೆ. ಇದಕ್ಕೆ ‘ಸ್ಕಾಲಪ್’ ಎಂದು ಹೆಸರು. ‘ಗಾಳಿ ಎದ್ದ ದಿನ ಸ್ಕಾಲಪ್ ಚುಚ್ಚುವ ದಿನವಲ್ಲ’ ಎಂಬ ಅವರ ಗಾದೆ ನಮ್ಮ ಬಾಯಾರಿದಾಗ ಬಾವಿ ತೋಡುವವನ ಪಕ್ಕದ ಮನೆಯದು.

ಅಟ್ಲಾಂಟಿಕ್ ಕರಾವಳಿಯಲ್ಲಿ ಸ್ಕಾಲಪ್ ಸಾಲದು. ಅಲ್ಲಿ ಇಡೀ ಮಾಡಿನ ಮೇಲೆ ಹಗ್ಗದ ಬಲೆ ಬೀಸುತ್ತಾರೆ. ಹಗ್ಗದ ತುದಿಯನ್ನು ಸೂರಿನ ಕೆಳಗೆ ಗೋಡೆಯಿಂದ ಹೊರಚಾಚಿದ ಕಲ್ಲುಗೂಟಕ್ಕೆ ಕಟ್ಟುತ್ತಾರೆ, ಇಲ್ಲವೇ ಭಾರದ ಕಲ್ಲು ತೂಗುಬಿಡುತ್ತಾರೆ. ಗಾಳಿಗೆ ಹಿಡಿಯಲು ಮೂಲೆ ಸಿಗಬಾರದು ಎಂದು ಮಾಡಿನ ನೆತ್ತಿಯನ್ನೂ ದುಂಡಗೆ ಮಾಡುತ್ತಾರೆ. ಈ ಭಯ ಸುಮ್ಮನೆ ಬಂದದ್ದಲ್ಲ. 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿಯಲ್ಲಿ ಲೆಕ್ಕವಿಲ್ಲದಷ್ಟು ಮಾಡುಗಳು ಹಾರಿಹೋದವು, ಚದುರಿದ ಕೆಂಡದಿಂದ ಮನೆಗಳು ಸುಟ್ಟವು. ‘ಮಹಾಗಾಳಿಯ ರಾತ್ರಿ’ ಎಂದೇ ಅದಕ್ಕೆ ಹೆಸರು. ಎಪ್ಪತ್ತು ವರ್ಷ ಕಳೆದು 1909ರಲ್ಲಿ ವೃದ್ಧಾಪ್ಯ ವೇತನ ಶುರುವಾದಾಗ ಜನನ ಪತ್ರ ಇಲ್ಲದ ಮುದುಕರನ್ನು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆ: ಮಹಾಗಾಳಿಯ ರಾತ್ರಿ ನೆನಪಿದೆಯೇ? ಅಷ್ಟು ಜನರಿಗೆ ಅದು ನೆನಪಿದ್ದದ್ದು ಸರ್ಕಾರಕ್ಕೇ ಆಶ್ಚರ್ಯವಾಯಿತಂತೆ.

ಹುಲ್ಲು ಹೋಗಿ ಸ್ಲೇಟು ಬಂದದ್ದಕ್ಕೆ ಭೂಮಿಯ ಕಾನೂನುಗಳೂ ಒಂದು ಕಾರಣ. ಗೇಣಿದಾರ ಮನೆ ಚೆನ್ನಾಗಿ ಮಾಡಿಕೊಂಡರೆ ಗೇಣಿ ಏರುತ್ತದೆ ಎಂಬ ಹೆದರಿಕೆ ಇದ್ದಷ್ಟು ಕಾಲ ಯಾರೂ ಮಾಡಿಗೆ ದುಡ್ಡು ಸುರಿಯಲಿಲ್ಲ. 1881ರ ಕಾಯ್ದೆ ಗೇಣಿಗೆ ಮಿತಿ ತಂದಿತು, 1903ರದ್ದು ರೈತ ತನ್ನ ಹೊಲವನ್ನು ಕೊಳ್ಳುವ ದಾರಿ ಮಾಡಿತು. ಹೊಲ ತನ್ನದಾದ ಮೇಲೆ ಮನೆಗೆ ಸ್ಲೇಟು, ದೊಡ್ಡ ಕಿಟಕಿ, ಕೆಲವೊಮ್ಮೆ ಮಹಡಿ ಬಂದವು. ಇನ್ನೊಂದು ಕಾರಣ ಗದ್ದೆಯದು: ಕೊಯ್ಲು ಯಂತ್ರ ಬಂದ ಮೇಲೆ ನೀಳವಾದ ಮುರಿಯದ ಹುಲ್ಲು ಸಿಗುವುದೇ ಅಪರೂಪವಾಯಿತು. ಈಗ ಹುಲ್ಲಿನ ಮಾಡು ಉಳಿಸಿಕೊಂಡವರಿಗೆ ವಿಮೆ ಸಿಗುವುದೂ ಕಷ್ಟ.

ಇನ್ನು ಒಲೆ. ಹಳೆಯ ಮನೆಯಲ್ಲಿ ಬೆಂಕಿ ಆರುತ್ತಿರಲಿಲ್ಲ. ಜೌಗಿನಿಂದ ಕೊಯ್ದು ಒಣಗಿಸಿದ ಟರ್ಫ್ ಹೆಂಟೆಗಳು ಜ್ವಾಲೆ ಎಬ್ಬಿಸದೆ ಮೆಲ್ಲಗೆ ಉರಿಯುತ್ತವೆ. ರಾತ್ರಿ ಮನೆಯ ಹೆಂಗಸು ಸಂತ ಬ್ರಿಜಿಡ್‌ಳ ಹೆಸರು ಹೇಳುತ್ತ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಕೆದಕಿ ಹೊಸ ಹೆಂಟೆ ಇಡುತ್ತಾಳೆ. ನಿಮ್ಮ ಕಡೆಯ ಬಚ್ಚಲೊಲೆಯನ್ನು ನೆನಪಿಸಿಕೊಳ್ಳಿ. ಹೀಗೆ ಮುನ್ನೂರ ಅರವತ್ತೈದು ದಿನವೂ ಸಣ್ಣಗೆ ಬಿಸಿಯಾಗಿರುವ ಒಂದು ಕಲ್ಲಿನ ರಾಶಿ ಮನೆಯ ನಡುವಿನಲ್ಲಿರುತ್ತದೆ. ಅಗಲವಾದ ಚಿಮಣಿ ಒಳಗಿನ ಹಸಿ ಗಾಳಿಯನ್ನು ಹಗಲಿರುಳೂ ಎಳೆದು ಹೊರಗೆ ಹಾಕುತ್ತಿರುತ್ತದೆ. ಅಜ್ಜ ಹೇಳಿದ ಅರ್ಧ ಸತ್ಯ ಇದು.

ಈಗ ನಿಮ್ಮ ಒದ್ದೆ ಗೋಡೆಗೆ ಬರೋಣ. ಐರ್ಲೆಂಡಿನ ಪಶ್ಚಿಮದಲ್ಲಿ ವರ್ಷಕ್ಕೆ ಸುಮಾರು 225 ದಿನ ಮಳೆ. ಆಗುಂಬೆಯ ಮುಂದೆ ಅದರ ಪ್ರಮಾಣ ಏನೂ ಅಲ್ಲ, ಆದರೆ ಆಗುಂಬೆಯ ಗೋಡೆಗೆ ತಿಂಗಳುಗಟ್ಟಲೆ ಬಿಸಿಲು ಕಾಯುತ್ತದೆ. ಇಲ್ಲಿನ ಗೋಡೆಗೆ ಆ ಭಾಗ್ಯವಿಲ್ಲ. ಎರಡು ಮಳೆಯ ನಡುವೆ ಗಾಳಿ ಬೀಸುವ ಕೆಲವು ಗಂಟೆಗಳಲ್ಲೇ ಅದು ಒಣಗಬೇಕು. ಮಣ್ಣು ಮತ್ತು ಸುಣ್ಣದ ಗೋಡೆ ನೀರನ್ನು ತಡೆಯುವುದಿಲ್ಲ. ಸ್ವಲ್ಪ ಕುಡಿಯುತ್ತದೆ, ಆಮೇಲೆ ಉಸಿರಾಡಿ ಹೊರಹಾಕುತ್ತದೆ. ನೆಲದಿಂದ ಏರಿದ ತೇವಕ್ಕೂ ಅದೇ ದಾರಿ. ಸಿಮೆಂಟ್ ಗಿಲಾವು ಈ ದಾರಿಯನ್ನು ಮುಚ್ಚುತ್ತದೆ. ಗಟ್ಟಿ ಸಿಮೆಂಟಿಗೂ ಮೆತ್ತನೆಯ ಗೋಡೆಗೂ ಹೊಂದಿಕೆಯಿಲ್ಲದೆ ಕೂದಲೆಳೆಯಂಥ ಬಿರುಕು ಬೀಳುತ್ತದೆ, ನೀರು ಒಳಗೆ ನುಸುಳುತ್ತದೆ, ಹೊರಗೆ ಹೋಗಲು ಆಗುವುದಿಲ್ಲ. ಉಳಿದ ದಾರಿ ಒಂದೇ, ನಿಮ್ಮ ಒಳಕೋಣೆ. ಅದರ ಮೇಲೆ ಒಲೆಯನ್ನೂ ಮುಚ್ಚಿದ್ದಾರೆ, ಕಿಟಕಿಗಳನ್ನು ಗಾಳಿಯಾಡದಂತೆ ಬಿಗಿದಿದ್ದಾರೆ.

ಹಾಗಾದರೆ ಏನು ಮಾಡಬೇಕು? ಮೊದಲು ದುಡ್ಡು ಖರ್ಚಿಲ್ಲದ್ದು: ಹೊರಗೆ ನೆಲದ ಮಟ್ಟ ಒಳಗಿನ ನೆಲಕ್ಕಿಂತ ಮೇಲಿದೆಯೇ ನೋಡಿ. ನೂರು ವರ್ಷ ಮಣ್ಣು, ಜಲ್ಲಿ, ಕಾಂಕ್ರೀಟ್ ಸುರಿದು ಬಹಳ ಮನೆಗಳಲ್ಲಿ ಅಂಗಳ ಏರಿಬಿಟ್ಟಿದೆ. ಅದನ್ನು ಇಳಿಸಿ, ಗೋಡೆಯ ಪಕ್ಕ ಜಲ್ಲಿಯ ಕಾಲುವೆ ಮಾಡಿ ನೀರನ್ನು ದೂರ ಹರಿಸಿ. ಸೂರಿನ ತೂಬುಗಳನ್ನು ಸರಿಪಡಿಸಿ. ಮೇಯೋದಲ್ಲಿ ನಾನು ನೋಡಿದ ಒಂದು ಮನೆಯಲ್ಲಿ ಗುತ್ತಿಗೆದಾರರೊಬ್ಬರು ಗೋಡೆಯುದ್ದಕ್ಕೂ ರಂಧ್ರ ಕೊರೆದು ರಾಸಾಯನಿಕ ತುಂಬಿ ಸಾವಿರಾರು ಯೂರೋ ಪಡೆದಿದ್ದರು. ತೇವ ಒಂದಿಂಚೂ ಇಳಿದಿರಲಿಲ್ಲ. ಚೂರುಕಲ್ಲು ತುಂಬಿದ ಗೋಡೆಯಲ್ಲಿ ಅಂಥ ಮದ್ದು ಒಂದೇ ಸಮನಾಗಿ ಹರಡುವುದೇ ಇಲ್ಲ. ಕೊನೆಗೆ ಅಲ್ಲಿ ಕೆಲಸಕ್ಕೆ ಬಂದದ್ದು ಹಿತ್ತಿಲ ಕಡೆ ತೆಗೆದ ಒಂದೂವರೆ ಅಡಿ ಮಣ್ಣು.

ಆಮೇಲೆ ಸಿಮೆಂಟ್. ಅದನ್ನು ತೆಗೆದು ಸುಣ್ಣದ ಗಾರೆಯ ಗಿಲಾವು ಮಾಡಿಸಿ, ಮೇಲೆ ಸುಣ್ಣ ಬಳಿಸಬೇಕು. ಅವಸರ ಬೇಡ. ಮೊದಲು ಒಂದು ಕಡೆ ಸಣ್ಣದಾಗಿ ತೆಗೆದು ನೋಡಿ. ಕಲ್ಲಿನ ಮುಖವೇ ಕಿತ್ತುಬರುತ್ತಿದ್ದರೆ ಅನುಭವಿಗಳನ್ನು ಕರೆಯಿರಿ. ತೆಗೆದ ಮೇಲೆ ಕಲ್ಲು ಚೆಂದ ಕಾಣುತ್ತದೆ ಎಂದು ಹಾಗೇ ಬಿಡಬೇಡಿ. ಬೆತ್ತಲೆ ಕಲ್ಲುಗೋಡೆಯ ಮನೆ ಈ ಕಾಲದ ಶೋಕಿ. ಹಿಂದಿನವರು ವಾಸದ ಮನೆಗೆ ಸುಣ್ಣದ ಅಂಗಿ ತೊಡಿಸದೆ ಬಿಡುತ್ತಿದ್ದದ್ದು ಕಡಿಮೆ. ಒಳಗೆ ಪ್ಲಾಸ್ಟಿಕ್ ಬಣ್ಣ ಬಳಿಯಬೇಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಸುರಿಯುವ ಸಲಹೆ ಯಾರಾದರೂ ಕೊಟ್ಟರೆ ಎರಡು ಬಾರಿ ಯೋಚಿಸಿ, ನೆಲದ ತೇವವೆಲ್ಲ ಆಗ ಗೋಡೆಗೇ ಓಡುತ್ತದೆ. ಚಿಮಣಿ ಮುಚ್ಚಿದ್ದರೆ ಗಾಳಿಯಾಡಲು ಕಂಡಿ ಮಾಡಿಸಿ. ಬಿಸಿ ಕೊಡುವುದಿದ್ದರೆ ಸಂಜೆ ಎರಡು ಗಂಟೆ ಜೋರಾಗಿ ಕೊಟ್ಟು ಆರಿಸುವುದಕ್ಕಿಂತ ದಿನವಿಡೀ ಸಣ್ಣಗೆ ಕೊಡುವುದು ಈ ಗೋಡೆಗೆ ಒಗ್ಗುತ್ತದೆ. ಹಳೆಯ ಟರ್ಫ್ ಒಲೆ ಮಾಡುತ್ತಿದ್ದದ್ದೂ ಅದನ್ನೇ. ಎರಡಡಿ ಗೋಡೆ ಒಣಗಲು ತಿಂಗಳುಗಳಲ್ಲ, ಒಂದೆರಡು ವರ್ಷ ಹಿಡಿಯಬಹುದು.

ಕೊಳ್ಳುವ ಮುಂಚೆ ಕೌಂಟಿ ಕೌನ್ಸಿಲ್‌ನಲ್ಲಿ ಈ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಇದ್ದರೆ ಗಿಲಾವು, ಕಿಟಕಿ ಮುಟ್ಟುವುದಕ್ಕೂ ಅನುಮತಿ ಬೇಕಾಗಬಹುದು. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಲಿಖಿತವಾಗಿ ಕೇಳಿ ಪಡೆಯಬಹುದು. ಖಾಲಿ ಮನೆಗಳ ದುರಸ್ತಿಗೆ ಸರ್ಕಾರ ಕೊಡುವ ಸಹಾಯಧನ 2023ರಿಂದ 50,000 ಯೂರೋವರೆಗೆ, ತೀರಾ ಪಾಳುಬಿದ್ದಿದ್ದರೆ 70,000 ಯೂರೋವರೆಗೆ ಇದೆ. ಆದರೆ ಮನೆ ಎರಡು ವರ್ಷವಾದರೂ ಖಾಲಿ ಬಿದ್ದಿರಬೇಕು ಎಂಬುದು ಷರತ್ತು. ನೀವು ವಾಸವಿರುವ ಮನೆಗೆ ಅದು ಸಿಗದು, ಆ ಲೆಕ್ಕ ಇಟ್ಟುಕೊಂಡೇ ಬೆಲೆ ಮಾತಾಡಿ.

ಒಂದು ಸಣ್ಣ ಪರೀಕ್ಷೆ ಮಾಡಿ ನನಗೆ ತಿಳಿಸಿ. ಮುಂಬಾಗಿಲಿನಲ್ಲಿ ನಿಂತು ನೇರ ಎದುರಿನ ಹಿಂಗೋಡೆಯನ್ನು ಬೆರಳಿನಿಂದ ತಟ್ಟುತ್ತ ಹೋಗಿ. ಮೂರಡಿ ಅಗಲದಲ್ಲಿ ಸದ್ದು ಬೇರೆಯಾದರೆ ಅದು ಮುಚ್ಚಿಹೋದ ಹಿಂಬಾಗಿಲು. ಯಾವ ಗಾಳಿಗೆ ಅದನ್ನು ತೆರೆಯುತ್ತಿದ್ದರು, ಯಾವ ವರ್ಷ ಮುಚ್ಚಿದರು ಎಂಬುದನ್ನು ಅಜ್ಜನನ್ನೇ ಕೇಳಿ. ಆ ಗೋಡೆಗೆ ಕಲ್ಲು ಹೊತ್ತವರಲ್ಲಿ ಅವರ ಮನೆಯವರೂ ಇದ್ದಿರಬಹುದು.